ಕಾಗದ ಬರೋವರೆಗೆ ಕಾಯಬೇಡಿ: ಮಗಳ ಶಾಲೆಗಾಗಿ ಅಲೆದ ಹನ್ನೊಂದು ತಿಂಗಳು

2024ರ ಆಗಸ್ಟ್‌ನಲ್ಲಿ ನನ್ನ ಮಗುವಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಮೂರು ದಿನ ಬಂತು. ಕಿಬ್ಬೊಟ್ಟೆ ನೋವು ಅಂತ ಮುದುರಿಕೊಂಡು ಮಲಗಿತ್ತು. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಜಾಸ್ತಿ ಆಗಿದೆ ಅಂದರು. "ನೀರು ಕುಡಿಯೋದಿಲ್ವಾ? ಶಾಲೆಯಲ್ಲಿ ಟಾಯ್ಲೆಟ್‌ಗೆ ಹೋಗೋದಿಲ್ವಾ?" ಎಂದು ಕೇಳಿದರು. ಮಗು ನೆಲ ನೋಡುತ್ತಾ ಕೂತಿತ್ತು. ಪರೀಕ್ಷೆ, ಮಾತ್ರೆ, ಇಂಜೆಕ್ಷನ್ ಎಲ್ಲ ಸೇರಿ 1,840 ರೂಪಾಯಿ ಆಯಿತು.

ಅವತ್ತು ರಾತ್ರಿ ದೀಪ ಆರಿಸಿದ ಮೇಲೆ ಮಾತು ಹೊರಗೆ ಬಂತು. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಬರುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲವಂತೆ. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು. ಹುಡುಗರ ಟಾಯ್ಲೆಟ್‌ಗೆ ಹೋದರೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಟ್ರಾನ್ಸ್‌ಜೆಂಡರ್ ಜನರನ್ನು ಅಣಕಿಸುವ ಚಪ್ಪಾಳೆ ಅದು. ಒಂದು ದಿನ ಗಣಿತದ ಪೀರಿಯಡ್ ಪೂರ್ತಿ ಒಳಗೇ ನಿಂತಿತ್ತಂತೆ. ತಡವಾಗಿ ಬಂದಿದ್ದಕ್ಕೆ ಸರ್ ಬೈದರು ಅಂತ ಬೇರೆ.

ನಾನು ಬಟ್ಟೆ ಹೊಲಿಯುವವಳು. ಮಧ್ಯ ಕರ್ನಾಟಕದ ಒಂದು ತಾಲೂಕು ಊರಿನಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡಿದ್ದೇನೆ. ಬ್ಲೌಸ್, ಚೂಡಿದಾರ್, ಫಾಲ್ ಹಾಕುವುದು ನನ್ನ ಕೆಲಸ. ಯಜಮಾನರು ಲಾರಿ ಓಡಿಸುತ್ತಾರೆ. ಹುಟ್ಟಿದಾಗ ಗಂಡು ಮಗು ಅಂತ ಬರೆಸಿದ್ದೆವು. ನನ್ನ ಮಗು ತಾನು ಹುಡುಗಿ ಅಂತ ಆರನೇ ಕ್ಲಾಸಿನಿಂದ ಹೇಳುತ್ತಿದ್ದಾಳೆ. ಹೆಸರು ಬರೆಯುವುದಿಲ್ಲ. ಊರು, ಶಾಲೆ, ಕಚೇರಿ ಯಾವುದೂ ಬರೆಯುವುದಿಲ್ಲ. ಅವಳು ಈ ಊರಲ್ಲೇ ಓದಬೇಕು. ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಮಗು ಟ್ರಾನ್ಸ್‌ಜೆಂಡರ್ ಅಂತ ಸರ್ಕಾರ ಕೊಡುವ ಸರ್ಟಿಫಿಕೇಟ್ ಬಂದ ಮೇಲೆಯೇ ಶಾಲೆಯಲ್ಲಿ ಮಗುವಿಗೆ ರಕ್ಷಣೆ ಸಿಗುತ್ತದೆ ಅಂತ ನಂಬಿ ನಾನು ಐದು ತಿಂಗಳು ಸುಮ್ಮನೆ ಕಳೆದೆ. ಆ ಐದು ತಿಂಗಳು ಬೇರೆ ಯಾರಿಗೂ ಬೇಡ.

ಮೊದಲು ಮನೆಯ ವಿಷಯ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಮಗುವನ್ನು ಕರೆಯುವಾಗಲೇ ಹುಡುಗನೋ ಹುಡುಗಿಯೋ ಅಂತ ಹೇಳಿಬಿಡುತ್ತೇವೆ. ಬಾರೋ, ಬಾರೇ. ಊಟ ಆಯ್ತೇನೋ, ಆಯ್ತೇನೇ. ದಿನಕ್ಕೆ ನೂರು ಸಲ. "ನಾನು ಬಂದೆ, ತಿಂದೆ ಅಂತ ನಾನೇ ಹೇಳ್ಕೊಂಡ್ರೆ ಏನೂ ಆಗಲ್ಲ ಅಮ್ಮ. ನೀವೆಲ್ಲ ಬಂದ, ತಿಂದ ಅಂದಾಗ ಪ್ರತಿ ಸಲ ಚುಚ್ಚುತ್ತೆ" ಅಂದಳು. ಹದಿನಾಲ್ಕು ವರ್ಷ ಬಾರೋ ಅಂದ ನಾಲಿಗೆ ಒಂದೇ ದಿನದಲ್ಲಿ ತಿರುಗುವುದಿಲ್ಲ. ನಾನೂ ಎಷ್ಟೋ ಸಲ ತಪ್ಪಿದೆ. ದಾರಿ ತೋರಿಸಿದ್ದು ನಮ್ಮತ್ತೆ. ಅವರು ಮೊದಲಿನಿಂದಲೂ ಮಗುವನ್ನು ಕೂಸು ಅಂತಲೇ ಕರೆಯೋದು. "ಕೂಸು ಬಂತೇನು, ಕೂಸು ಉಣ್ತೇನು" ಅಂತ. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಪ್ರೀತಿ ಇದೆ. ನನ್ನ ನಾಲಿಗೆ ತಿರುಗುವವರೆಗೆ ನಾನೂ ಹಾಗೇ ಕರೆದೆ. ಮುಂದೆ ಶಾಲೆಯಲ್ಲೂ ಇದೇ ಉಪಯೋಗಕ್ಕೆ ಬಂತು. ಅವಳು ಅನ್ನಲು ಬಾಯಿ ಬರದ ಮೇಷ್ಟ್ರಿಗೆ "ಮಗು ಅನ್ನಿ ಸರ್, ಬಾ ಮಗು ಅನ್ನಿ" ಅಂತ ಹೇಳಿದೆ.

ಅತ್ತೆಗೆ ಬೇರೆ ಭಯ ಇತ್ತು. ಓಣಿಯಲ್ಲಿ ಒಬ್ಬರು "ಎಲ್ಲಮ್ಮನ ಗುಡ್ಡಕ್ಕೆ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಹುಲಿಗಿಗೆ, ಮುತ್ತು ಕಟ್ಟಿಸಿಬಿಡಿ" ಅಂದಿದ್ದರು. ದೇವಿಗೆ ಬಿಟ್ಟು ಜೋಗತಿ ಮಾಡುವ ಪದ್ಧತಿ ಅದು. ಅತ್ತೆ ದೇವರನ್ನು ನಂಬುವವರು. ಆದರೂ ಕೂಸನ್ನು ಮನೆಯಿಂದ ಕಳಿಸಲು ಅವರ ಮನಸ್ಸು ಒಪ್ಪಲಿಲ್ಲ. ಟ್ರಾನ್ಸ್‌ಜೆಂಡರ್ ಕಲಾವಿದೆ, ಜಾನಪದ ಅಕಾಡೆಮಿ ಅಧ್ಯಕ್ಷೆ ಆಗಿದ್ದ ಮಂಜಮ್ಮ ಜೋಗತಿ 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದಿದ್ದನ್ನು ಅವರು ಟಿವಿಯಲ್ಲಿ ನೋಡಿದ್ದರು. "ಆ ಯಮ್ಮ ಎಷ್ಟು ಕಷ್ಟ ಪಟ್ಟು ಅಲ್ಲಿಗೆ ಹೋದ್ಲು. ನಮ್ಮ ಕೂಸು ಅಷ್ಟು ಕಷ್ಟ ಪಡೋದು ಬ್ಯಾಡ. ಮನೆಯಾಗಿದ್ದೇ ಓದಲಿ" ಅಂದರು. ಮಗು ಹೀಗಿದೆ ಅನ್ನುವ ಕಾರಣಕ್ಕೆ ಕೋರ್ಟ್ ಆದೇಶ ಇಲ್ಲದೆ ಅದನ್ನು ಅಪ್ಪ ಅಮ್ಮನಿಂದ ಬೇರೆ ಮಾಡುವಂತಿಲ್ಲ ಅಂತ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯಲ್ಲೇ ಬರೆದಿದೆ, 12ನೇ ಸೆಕ್ಷನ್. ಅದು ಆಗ ನಮಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಹೆಡ್‌ಮಾಸ್ಟರ್ ಹತ್ತಿರ ಹೋದೆ. ಚಿಲಕದ ವಿಷಯ ಹೇಳಿದೆ. ಹುಡುಗರನ್ನು ಕರೆಸಿ ಬೈದರು, ಅದು ನಿಜ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ರೆಕಾರ್ಡಿನಲ್ಲಿ ಏನಿದೆಯೋ ಹಾಗೇ ನಾವು ನಡೀಬೇಕಮ್ಮ. ನೀವು ಸರ್ಕಾರದ ಸರ್ಟಿಫಿಕೇಟ್ ತನ್ನಿ. ಆಮೇಲೆ ನೋಡೋಣ" ಅಂದರು. ಕೆಟ್ಟ ಮನುಷ್ಯ ಅಲ್ಲ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸರಿ, ಸರ್ಟಿಫಿಕೇಟ್ ತರೋಣ ಅಂತ ಎದ್ದು ಬಂದೆ.

ಮಧ್ಯದಲ್ಲಿ ದಸರಾ ರಜೆ ಬಂತು. ಸಂಬಂಧಿಕರೊಬ್ಬರು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ವಾರಕ್ಕೊಂದು ಸಲ ಕರ್ಕೊಂಡು ಬನ್ನಿ, ಆರು ತಿಂಗಳಲ್ಲಿ ಸರಿ ಮಾಡಿಕೊಡ್ತೀನಿ" ಅಂದರು. ಎರಡು ಸಲಕ್ಕೆ 3,000 ರೂಪಾಯಿ ಕೊಟ್ಟೆ. ಎರಡನೇ ಸಲ ಮುಗಿಸಿ ಬಂದ ಮೇಲೆ ಮಗು ಎರಡು ದಿನ ಊಟ ಮುಟ್ಟಲಿಲ್ಲ. ಮಾತೂ ಇಲ್ಲ. ಮೂರನೇ ಸಲ ಹೋಗಲಿಲ್ಲ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಮಗುವನ್ನು ಅರ್ಧ ಗಂಟೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನಗೆ ಹೇಳಿದರು: ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದಿದೆ. ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಗೆ ವಿರುದ್ಧವಾದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. "ಮಗುವಿಗೆ ನಿದ್ದೆ ಇಲ್ಲ, ಭಯ ಇದೆ. ಅದಕ್ಕೆ ನಾವು ಸಹಾಯ ಮಾಡೋಣ. ಮಗುವನ್ನ ಬದಲಾಯಿಸೋ ಅಗತ್ಯ ಇಲ್ಲಮ್ಮ" ಅಂದರು. ಚೀಟಿಗೆ ಹತ್ತು ರೂಪಾಯಿ. ಅಲ್ಲಿಗೆ ಮೊದಲೇ ಹೋಗಬೇಕಿತ್ತು. ನಿಮ್ಮ ಊರಲ್ಲಿ ಅಂಥವರು ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನವೆಂಬರ್‌ನಲ್ಲಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿದೆವು. ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ. 2020ರ ನವೆಂಬರ್‌ನಿಂದ ಅದು ನಡೆಯುತ್ತಿದೆ. ಕೊಡುವವರು ನಿಮ್ಮ ಜಿಲ್ಲೆಯ ಜಿಲ್ಲಾಧಿಕಾರಿ. ಅರ್ಜಿಗೆ ಶುಲ್ಕ ಇಲ್ಲ. ಹದಿನೆಂಟು ತುಂಬದ ಮಕ್ಕಳ ಪರವಾಗಿ ತಂದೆ ಅಥವಾ ತಾಯಿ ಅಥವಾ ಪೋಷಕರು ಹಾಕಬೇಕು. ನಾನು ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅದು ತಪ್ಪಾಯಿತು. ಹುಡುಗ ಜೋರಾಗಿ ಓದುತ್ತಾ ಟೈಪ್ ಮಾಡುತ್ತಿದ್ದ, ಹಿಂದೆ ಜೆರಾಕ್ಸ್‌ಗೆ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅರ್ಧಕ್ಕೆ ಎದ್ದು ಬಂದೆ. ಕೊನೆಗೆ ಶಾಲೆಯ ವಿಜ್ಞಾನದ ಮೇಡಂ ಭಾನುವಾರ ತಮ್ಮ ಲ್ಯಾಪ್‌ಟಾಪ್ ತಂದು ನಮ್ಮ ಮನೆಯಲ್ಲೇ ಕೂತು ತುಂಬಿಸಿಕೊಟ್ಟರು. ದಯವಿಟ್ಟು ಮನೆಯಲ್ಲೇ ಮಾಡಿ, ಇಲ್ಲವೇ ನಂಬಿಕೆ ಇರುವವರ ಮನೆಯಲ್ಲಿ ಮಾಡಿ.

ಬೇಕಾಗಿದ್ದು ಇಷ್ಟು: ಮಗುವಿನ ಫೋಟೊ, ಆಧಾರ್, ನನ್ನ ಆಧಾರ್, ಆ ಜಿಲ್ಲೆಯಲ್ಲಿ ಒಂದು ವರ್ಷದಿಂದ ಇದ್ದೇವೆ ಅನ್ನುವುದಕ್ಕೆ ಪುರಾವೆ, ಮತ್ತೆ ಅಫಿಡವಿಟ್. ಅಫಿಡವಿಟ್ ಹೇಗಿರಬೇಕು ಅನ್ನುವ ನಮೂನೆ ಪೋರ್ಟಲ್‌ನಲ್ಲೇ ಸಿಗುತ್ತದೆ. ನಾನು ಅದನ್ನು ನೋಡದೆ ಟೈಪಿಂಗ್‌ನವರು ಹೇಳಿದ ಹಾಗೆ ಹೆಸರು ಬದಲಾವಣೆಯ ಅಫಿಡವಿಟ್ ಮಾಡಿಸಿದ್ದೆ. ಅದು ನಡೆಯಲಿಲ್ಲ. ಇ-ಸ್ಟಾಂಪ್‌ಗೆ 100, ನೋಟರಿಗೆ 200. ಎರಡು ಸಲ ಮಾಡಿಸಿದ್ದರಿಂದ 600 ಆಯಿತು. ನಮೂನೆ ಇಳಿಸಿಕೊಂಡು, ಪದ ಬದಲಿಸದೆ ಟೈಪ್ ಮಾಡಿಸಿ.

ಆಗಿನ ನಿಯಮದ ಪ್ರಕಾರ 30 ದಿನದಲ್ಲಿ ತೀರ್ಮಾನ ಆಗಬೇಕಿತ್ತು. ಡಿಸೆಂಬರ್ ಮುಗಿಯಿತು, ಪೋರ್ಟಲ್‌ನಲ್ಲಿ ಬಾಕಿ ಅಂತಲೇ ತೋರಿಸುತ್ತಿತ್ತು. ಕಚೇರಿಗೆ ಹೋದೆ. ನನಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ. ಮಗಳ ಆಧಾರ್‌ನಲ್ಲಿ ಗಂಡು ಅಂತ ಇರುವುದರಿಂದ ಅವಳಿಗೆ ಪೂರ್ತಿ ಟಿಕೆಟ್. ಮೊದಲ ಸಲ ಹೋದಾಗ "ತಂದೆ ಸಹಿ ಎಲ್ಲಿ?" ಅಂದರು. ಯಜಮಾನರು ಆಗ ಈ ವಿಷಯ ಕೇಳಲೂ ತಯಾರಿರಲಿಲ್ಲ. ಫೋನ್ ಕಟ್ ಮಾಡುತ್ತಿದ್ದರು. ಎರಡನೇ ಸಲ "ಸರ್ಜನ್ ಹತ್ತಿರ ಪರೀಕ್ಷೆ ಮಾಡಿಸಿ ಲೆಟರ್ ತನ್ನಿ" ಅಂದರು. ಅಷ್ಟು ಹೇಳಿದ್ದರೆ ಸಹಿಸಬಹುದಿತ್ತು. ಕೌಂಟರ್ ಮುಂದೆ ಹತ್ತು ಜನ ನಿಂತಿರುವಾಗ "ಏನ್ರೀ ಇದು, ಹುಡುಗನಾ ಹುಡುಗಿನಾ, ಸರಿಯಾಗಿ ಹೇಳಿ" ಅಂತ ಕೂಗಿ ಕೇಳಿದರು. ಮಗು ನನ್ನ ಸೆರಗು ಹಿಡಿದುಕೊಂಡಿತು. ನಾಲ್ಕು ವರ್ಷದವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಅಲ್ಲಿ ಕಳೆದ ಎರಡೂವರೆ ಗಂಟೆ ನಾನು ಮರೆಯಲಾರೆ.

ಬರುವಾಗ ಬಸ್ಸಿನಲ್ಲಿ ವಿಜ್ಞಾನದ ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು 15100 ಅಂತ ನಂಬರ್ ಕೊಟ್ಟರು. ಕಾನೂನು ಸೇವಾ ಪ್ರಾಧಿಕಾರದ್ದು. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವಕೀಲರ ಸಹಾಯ ಪುಕ್ಕಟೆ. ಎರಡು ದಿನ ಬಿಟ್ಟು ಅಲ್ಲಿನ ಸ್ವಯಂಸೇವಕಿಯೊಬ್ಬರು ಸಿಕ್ಕರು. ನನಗಿಂತ ಚಿಕ್ಕವರು, ಆದರೂ ನಾನು ಅವರನ್ನು ಅಕ್ಕ ಅಂತಲೇ ಕರೆದೆ. ಎಲ್ಲ ಕೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಸರ್ಟಿಫಿಕೇಟ್ ಬಗ್ಗೆ ಆಗಿರಲಿಲ್ಲ. "ಈಗ ಮಗು ಶಾಲೆಯಲ್ಲಿ ಯಾವ ಟಾಯ್ಲೆಟ್‌ಗೆ ಹೋಗ್ತಿದೆ?" ಅಂದರು. ಹೋಗುತ್ತಿಲ್ಲ, ಸರ್ಟಿಫಿಕೇಟ್ ಬರಲಿ ಅಂತ ಕಾಯ್ತಿದ್ದೀವಿ ಅಂದೆ. ಅವರು ಪೆನ್ ಕೆಳಗಿಟ್ಟರು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದರು. ಅವರು ವಿವರಿಸಿದ್ದನ್ನು ನನಗೆ ಅರ್ಥ ಆದ ಹಾಗೆ ಬರೆಯುತ್ತೇನೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಆ ಕೇಸ್ ಹಾಕಿದ್ದು ಇದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ. ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಅಂತ ಕೋರ್ಟ್ ಹೇಳಿತು. ಆಮೇಲೆ 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ಬಂತು, 2020ರ ಜನವರಿ 10ರಿಂದ ಜಾರಿಯಾಯಿತು. ಅದರ 3ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಭೇದ ಮಾಡುವಂತಿಲ್ಲ. 13ನೇ ಸೆಕ್ಷನ್ ಪ್ರಕಾರ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆ ಈ ಮಕ್ಕಳನ್ನು ಎಲ್ಲರ ಜೊತೆ ಸೇರಿಸಿಕೊಂಡು ಓದಿಸಬೇಕು, ಆಟ ಆಡಿಸಬೇಕು. ಈ ಎರಡೂ ಕಡೆ ಸರ್ಟಿಫಿಕೇಟ್ ಇದ್ದರೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಸರ್ಟಿಫಿಕೇಟ್ ಬೇಕಾಗುವುದು ದಾಖಲೆ ತಿದ್ದಲು, ಸ್ಕಾಲರ್‌ಶಿಪ್‌ಗೆ, ಅಂಥವಕ್ಕೆ. ಟಾಯ್ಲೆಟ್‌ಗೆ ಹೋಗಲು ಬೇಡ. ಹೆಸರು ಹಿಡಿದು ಕರೆಯಲು ಬೇಡ. ಬಾಗಿಲಿಗೆ ಚಿಲಕ ಹಾಕುವವರನ್ನು ತಡೆಯಲು ಬೇಡ.

ಆಗಸ್ಟ್‌ನಿಂದ ಜನವರಿವರೆಗೆ ನನ್ನ ಮಗು ಬಾಯಾರಿಕೊಂಡೇ ಪಾಠ ಕೇಳಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಕ್ಕ ಅಲ್ಲೇ ಕೂತು ಶಾಲೆಗೆ ಒಂದು ಪತ್ರ ಬರೆಸಿದರು. ಒಂದೇ ಪುಟ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಕಾಯ್ದೆಯ ಎರಡು ಸೆಕ್ಷನ್ ಹೆಸರಿಸಿ, ಮಗುವಿಗೆ ಸುರಕ್ಷಿತ ಟಾಯ್ಲೆಟ್ ಬೇಕು, ಹಾಜರಿ ಕೂಗುವಾಗ ಅವಳು ಹೇಳುವ ಹೆಸರು ಕರೆಯಬೇಕು, ಪ್ರಾರ್ಥನೆಯಲ್ಲಿ ಮತ್ತು ಪಿಟಿಯಲ್ಲಿ ಹುಡುಗರ ಸಾಲಿಗೆ ಒತ್ತಾಯ ಮಾಡಬಾರದು, ತೊಂದರೆ ಆದರೆ ಹೇಳಿಕೊಳ್ಳಲು ಒಬ್ಬ ಟೀಚರ್ ಹೆಸರು ಗೊತ್ತು ಮಾಡಬೇಕು ಅಂತ ಕೇಳಿದ್ದೆವು. ದೂರು ನೋಡಿಕೊಳ್ಳಲು ಪ್ರತಿ ಸಂಸ್ಥೆಯಲ್ಲೂ ಒಬ್ಬ ಅಧಿಕಾರಿ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಪತ್ರದ ಎರಡನೇ ಪ್ರತಿಗೆ ಶಾಲೆಯ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಸಿಗದ ಬೆಲೆ ಆ ಸೀಲ್‌ಗೆ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ನಾನು ಬರೀ ಮಾತಾಡಿ ಬಂದಿದ್ದೆ, ನಾನು ಹೋಗಿದ್ದೆ ಅನ್ನುವುದಕ್ಕೇ ಪುರಾವೆ ಇರಲಿಲ್ಲ.

ಎಂಟು ದಿನಕ್ಕೆ ಹೆಡ್‌ಮಾಸ್ಟರ್ ಕರೆದರು. ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. "ಹೀಗೆ ಇದೆ ಅಂತ ನಮಗೆ ಯಾರೂ ಟ್ರೈನಿಂಗ್‌ನಲ್ಲಿ ಹೇಳಿಲ್ಲಮ್ಮ" ಅಂದರು. ಅವರ ಮಾತಿನಲ್ಲಿ ಸತ್ಯ ಇದೆ. ಇಂಥ ಮಕ್ಕಳ ಬಗ್ಗೆ ಟೀಚರ್‌ಗಳಿಗೆ ಅಂತ ಎನ್‌ಸಿಇಆರ್‌ಟಿ 2021ರಲ್ಲಿ ಒಂದು ಕೈಪಿಡಿ ಮಾಡಿತ್ತು. ಆಕ್ಷೇಪ ಬಂತು ಅಂತ ಕೆಲವೇ ದಿನಗಳಲ್ಲಿ ತನ್ನ ವೆಬ್‌ಸೈಟ್‌ನಿಂದ ತೆಗೆಯಿತು. ಅದು ಶಾಲೆಗಳಿಗೆ ತಲುಪಿದ್ದರೆ ನಮ್ಮ ಸರ್‌ಗೂ ದಾರಿ ಸಿಗುತ್ತಿತ್ತು, ಅಲ್ವಾ?

ಸಿಬ್ಬಂದಿ ಕೋಣೆ ಪಕ್ಕದ ಟಾಯ್ಲೆಟ್ ಕೊಡುವುದು ಅಂತಾಯಿತು. ಅಲ್ಲೂ ಒಂದು ತೊಡಕು ಬಂತು. ಬೀಗದ ಕೈ ಕ್ಲರ್ಕ್ ಟೇಬಲ್ ಮೇಲೆ. ಪ್ರತಿ ಸಲ ಎಲ್ಲರ ಮುಂದೆ ಹೋಗಿ ಕೇಳಬೇಕು. ಮಗು ಮತ್ತೆ ನೀರು ಕುಡಿಯುವುದು ಬಿಟ್ಟಿತು. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು, ಅದರಿಂದ ನನಗೆ ಗೊತ್ತಾಯಿತು. ವಿಜ್ಞಾನದ ಮೇಡಂ 60 ರೂಪಾಯಿಗೆ ಇನ್ನೊಂದು ಕೀ ಮಾಡಿಸಿ ಅವಳ ಕೈಗೇ ಕೊಟ್ಟರು. ಅವಳು ಅದನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಳು. ಒಂದು ವಾರದಲ್ಲಿ ಖಾಲಿ ಬಾಟಲಿ ಮನೆಗೆ ಬಂತು. ಶಾಲೆ ಟಾಯ್ಲೆಟ್ ಕೊಟ್ಟಿದೆ ಅಂದ ಕೂಡಲೇ ಸಮಾಧಾನ ಮಾಡಿಕೊಳ್ಳಬೇಡಿ. ಮಗು ಅಲ್ಲಿಗೆ ಯಾರನ್ನೂ ಕೇಳದೆ ಹೋಗಬಹುದಾ ನೋಡಿ. ಬಾಟಲಿ ನೋಡಿ.

ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು "ನಮ್ಮ ಹೆಣ್ಣುಮಕ್ಕಳಿಗೆ ತೊಂದರೆ ಆಗಲ್ವಾ?" ಎಂದು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಭಯದಿಂದ ಕೇಳಿದರು. ನಾನು ಎದ್ದು ನಿಂತು ಮೂತ್ರದ ಸೋಂಕಿನ ಕಥೆ ಹೇಳಿದೆ. ಕೈ ನಡುಗುತ್ತಿತ್ತು. ಸಭೆ ಸುಮ್ಮನಾಯಿತು. ಆದರೂ ಎಲ್ಲರೂ ಒಪ್ಪಲಿಲ್ಲ. ಅದಾದ ಮೇಲೆ ನಾಲ್ಕು ಮನೆಯವರು ನನಗೆ ಬ್ಲೌಸ್ ಕೊಡುವುದು ನಿಲ್ಲಿಸಿದರು. ಆ ತಾಯಿ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಅವರ ಮಗಳು ಮಾತ್ರ ದಿನಾ ನನ್ನ ಮಗಳ ಜೊತೆ ನಡೆದು ಬರುತ್ತಾಳೆ.

ಸರ್ಟಿಫಿಕೇಟ್ ವಿಷಯಕ್ಕೆ ಬರುತ್ತೇನೆ. ಮೂರನೇ ಸಲ ಕಚೇರಿಗೆ ಹೋದಾಗ ಅಕ್ಕ ಈ ಕಾಯ್ದೆಯ 2020ರ ನಿಯಮಗಳ ಪ್ರತಿ ತಂದಿದ್ದರು. ಅರ್ಜಿಯನ್ನು ಅಫಿಡವಿಟ್ ಮೇಲೆಯೇ ತೀರ್ಮಾನ ಮಾಡಬೇಕು, ವೈದ್ಯಕೀಯ ಪರೀಕ್ಷೆ ಇಲ್ಲದೆ, ಅಂತ ಆಗ ಅದರಲ್ಲಿತ್ತು. ಕಾಯ್ದೆಯ 5ನೇ ಸೆಕ್ಷನ್ ತಂದೆ ಅಥವಾ ತಾಯಿ ಅಂತ ಒಬ್ಬರ ಅರ್ಜಿಯನ್ನೇ ಕೇಳುತ್ತದೆ. ಇಬ್ಬರ ಸಹಿ ಬೇಕು ಅಂದಿಲ್ಲ. ಆ ಎರಡು ಸಾಲಿಗೆ ಗೆರೆ ಎಳೆದು ಕೊಟ್ಟೆವು. ಗುಮಾಸ್ತರು ಮೇಲಿನವರ ಹತ್ತಿರ ಹೋಗಿ ಬಂದು "ಆಯ್ತು ಬಿಡಿ" ಅಂದರು. ಕ್ಷಮೆ ಕೇಳಲಿಲ್ಲ. ಫೆಬ್ರವರಿ ಕೊನೆಯಲ್ಲಿ ಮೊಬೈಲಿಗೆ ಮೆಸೇಜ್ ಬಂತು. ಸರ್ಟಿಫಿಕೇಟ್, ಗುರುತಿನ ಚೀಟಿ ಎರಡನ್ನೂ ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಬಹುದು.

ನಾನು ಖುಷಿಯಿಂದ ತೋರಿಸಿದೆ. ಅವಳು ಓದಿ ಸುಮ್ಮನಾದಳು. "ಇದರಲ್ಲಿ ಟ್ರಾನ್ಸ್‌ಜೆಂಡರ್ ಅಂತಿದೆ. ಹುಡುಗಿ ಅಂತ ಯಾಕಿಲ್ಲ ಅಮ್ಮ?" ಅಂದಳು. ಇದನ್ನು ಮೊದಲೇ ಮಗುವಿಗೆ ಹೇಳಿಡಿ, ನಾನು ಹೇಳಿರಲಿಲ್ಲ. ಮೊದಲ ಸರ್ಟಿಫಿಕೇಟ್‌ನಲ್ಲಿ ಬರುವುದು ಟ್ರಾನ್ಸ್‌ಜೆಂಡರ್ ಅಂತಲೇ. ಹೆಣ್ಣು ಅಥವಾ ಗಂಡು ಅಂತ ಬರಬೇಕಾದರೆ ಈ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಶಸ್ತ್ರಚಿಕಿತ್ಸೆ ಆಗಿ ಆಸ್ಪತ್ರೆಯ ಪತ್ರ ಕೊಡಬೇಕು. 2014ರ ತೀರ್ಪು ಶಸ್ತ್ರಚಿಕಿತ್ಸೆ ಕೇಳಬಾರದು ಅಂದಿತ್ತು. ಕಾಯ್ದೆ ಕೇಳುತ್ತದೆ. ಒಂಬತ್ತನೇ ಕ್ಲಾಸಿನ ಮಗುವಿಗೆ ಇದನ್ನು ವಿವರಿಸುವುದು ಯಾವ ತಾಯಿಗೂ ಬರಬಾರದು. ಅವಳು ಅವತ್ತು ಆ ಕಾಗದವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಎಸ್‌ಎಸ್‌ಎಲ್‌ಸಿಗೆ ಹೆಸರು ಹೋಗುವ ಮೊದಲು ಶಾಲೆಯ ದಾಖಲೆ ತಿದ್ದಿಸಬೇಕಿತ್ತು. ಅದಕ್ಕೇ ಆತುರ. ಸರ್ಟಿಫಿಕೇಟ್ ಜೊತೆ ಅರ್ಜಿ ಕೊಟ್ಟರೆ 15 ದಿನದಲ್ಲಿ ತಿದ್ದಬೇಕು ಅಂತ ನಿಯಮ ಇದೆ. ನಮಗೆ ಎಪ್ಪತ್ತು ದಿನ ಹಿಡಿಯಿತು. ಕಡತ ಶಾಲೆಯಿಂದ ಒಂದು ಕಚೇರಿಗೆ, ಅಲ್ಲಿಂದ ಇನ್ನೊಂದಕ್ಕೆ ಹೋಯಿತು. ಒಂದು ಕಡೆ ಕೋರ್ಟ್ ಆದೇಶ ತನ್ನಿ ಅಂದರು. ಇನ್ನೊಂದು ಕಡೆ ಎರಡು ಪೇಪರ್‌ನಲ್ಲಿ ಜಾಹೀರಾತು ಕೊಡಿ ಅಂದರು. ಊರಿಗೆಲ್ಲ ಸಾರುವ ಜಾಹೀರಾತು ನಾನು ಕೊಡುವುದಿಲ್ಲ ಅಂದೆ. ನಿಯಮದಲ್ಲಿ ಅದು ಇಲ್ಲ. ಹಳೆಯ ದಾಖಲೆಗೂ ಹೊಸದಕ್ಕೂ ಕೊಂಡಿ ಇರಲಿ ಅಂತ ದಾಖಲೆಯ ನಂಬರ್ ಮಾತ್ರ ಹಾಗೇ ಉಳಿಸಬೇಕು ಅಂತಿದೆ. ಅಕ್ಕ ಅದನ್ನೇ ಬರೆದು ಕೊಟ್ಟರು. ಆಗ ಇನ್ನೊಂದು ವಿಷಯವೂ ಕೈಗೆ ಸಿಕ್ಕಿತು. ಜನನ ಪ್ರಮಾಣಪತ್ರದಲ್ಲಿ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಕೊಡಬೇಕು ಅಂತ ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತ್ತು. ಆ ಸುದ್ದಿಯ ಪ್ರತಿಯನ್ನೂ ಕಡತಕ್ಕೆ ಸೇರಿಸಿದೆವು. ಮೇ ತಿಂಗಳಲ್ಲಿ ಶಾಲೆಯ ದಾಖಲೆ ಆಯಿತು. ಜನನ ಪ್ರಮಾಣಪತ್ರದ ಅರ್ಜಿ ಇನ್ನೂ ಓಡಾಡುತ್ತಿದೆ. ಅದರಲ್ಲಿ ಹಳೆಯ ಹೆಸರೂ ಉಳಿಯುತ್ತದೆ ಅಂತ ಅವಳಿಗೆ ಬೇಜಾರಿದೆ. ನನಗೂ ಇದೆ.

ಆಧಾರ್ ಬಗ್ಗೆ ಒಂದು ಎಚ್ಚರ. ಅದರಲ್ಲಿ ಲಿಂಗ ಬದಲಿಸಲು ಒಂದೇ ಅವಕಾಶ ಇರುವುದು. ಈಗ ಟ್ರಾನ್ಸ್‌ಜೆಂಡರ್ ಅಂತ ಮಾಡಿಸಿದರೆ ಮುಂದೆ ಹೆಣ್ಣು ಅಂತ ಮಾಡಿಸುವಾಗ ಕಷ್ಟ ಆಗಬಹುದು. ನಾವು ಕೂತು ಮಾತಾಡಿ, ಆಗಿನ ಶುಲ್ಕ 50 ರೂಪಾಯಿ ಕೊಟ್ಟು ಹೆಸರು ಮಾತ್ರ ಬದಲಿಸಿದೆವು. ತೀರ್ಮಾನ ಮಾಡಿದ್ದು ಅವಳೇ. ನೀವೂ ಆತುರ ಪಡಬೇಡಿ, ಮಗುವನ್ನು ಕೇಳಿ.

ಈ ಎಲ್ಲದಕ್ಕೆ ಕೈಯಿಂದ ಹೋಗಿದ್ದು 7,500 ರೂಪಾಯಿ ಆಸುಪಾಸು. ಅದರಲ್ಲಿ 3,000 ಆ ಡಾಕ್ಟರಿಗೆ, 1,840 ಸೋಂಕಿಗೆ. ಸರ್ಟಿಫಿಕೇಟ್‌ಗೆ ನಿಜವಾಗಿ ಬೇಕಿದ್ದದ್ದು 300 ರೂಪಾಯಿಯ ಅಫಿಡವಿಟ್ ಮತ್ತೆ ಫೋಟೊ, ಸ್ಕ್ಯಾನ್ ಖರ್ಚು. ನನ್ನ ಹದಿನಾಲ್ಕು ದಿನದ ಕೆಲಸ ಹೋಯಿತು, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಒಂಬತ್ತನೇ ತರಗತಿಯಿಂದ ಮೇಲೆ ಓದುವ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ವರ್ಷಕ್ಕೆ 13,500 ರೂಪಾಯಿ ಸ್ಕಾಲರ್‌ಶಿಪ್ ಇದೆ. ಅದಕ್ಕೆ ಸರ್ಟಿಫಿಕೇಟ್ ಬೇಕು. ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ. ನಾನು ಬರೆದಿದ್ದು 2025ರ ಜೂನ್‌ವರೆಗಿನ ನಿಯಮ. ನೀವು ಅರ್ಜಿ ಹಾಕುವ ದಿನ ಯಾವ ನಿಯಮ ಇದೆಯೋ ಅದನ್ನೇ ಓದಿಕೊಳ್ಳಿ, ಇಲ್ಲವೇ 15100ಕ್ಕೆ ಕೇಳಿ. ಮಗುವಿಗೆ ತಕ್ಷಣ ಅಪಾಯ ಇದ್ದರೆ ಮಕ್ಕಳ ಸಹಾಯವಾಣಿ 1098.

ಮೇ ಕೊನೆಯಲ್ಲಿ ಯೂನಿಫಾರ್ಮ್ ಹೊಲಿದೆ. ಊರಿನ ಎಷ್ಟೋ ಹೆಣ್ಣುಮಕ್ಕಳ ಯೂನಿಫಾರ್ಮ್ ಹೊಲಿದ ಕೈ ಇದು. ನನ್ನ ಮಗಳದ್ದು ಹೊಲಿದದ್ದು ಮೊದಲ ಸಲ. ಅಳತೆ ತೆಗೆಯುವಾಗ ಅವಳು ಉಸಿರು ಬಿಗಿ ಹಿಡಿದು ನಿಂತಿದ್ದಳು. "ಬಾರೇ ಈ ಕಡೆ, ತೋಳು ನೋಡ್ತೀನಿ" ಅಂದೆ. ಅನಾಯಾಸವಾಗಿ ಬಂತು. ಅವಳಿಗೆ ಕೇಳಿಸಿತು, ನನಗೂ ಕೇಳಿಸಿತು. ಇಬ್ಬರೂ ಏನೂ ಹೇಳಲಿಲ್ಲ.

ಯಜಮಾನರು ಇನ್ನೂ ಪೂರ್ತಿ ಒಪ್ಪಿಲ್ಲ. ಶಾಲೆಗೆ ಬಂದಿಲ್ಲ, ಸರ್ಟಿಫಿಕೇಟ್ ಕೈಯಲ್ಲಿ ಹಿಡಿದಿಲ್ಲ. ಜೂನ್ ಎರಡನೇ ವಾರ ಯಾವುದೋ ಢಾಬಾದಿಂದ ಫೋನ್ ಮಾಡಿದ್ದರು. ಎಂದಿನ ಹಾಗೆ ಮನೆ, ಸಾಲ, ಮಳೆ ಅಂತ ಮಾತಾಡಿ ಇಡುವ ಮೊದಲು "ನಿನ್ ಮಗಳು ಊಟ ಮಾಡಿದ್ಲಾ?" ಅಂದರು. ನಿನ್ ಮಗಳು ಅಂದರು, ನಮ್ಮ ಅನ್ನಲಿಲ್ಲ. ಆದರೆ ಮಾಡಿದ್ಲಾ ಅಂದರು. ಮಾಡಿದ್ಲು ಅಂದೆ.

ಹೋದ ವಾರ ಸ್ಕಾಲರ್‌ಶಿಪ್‌ಗೆ ಬ್ಯಾಂಕಿನ ಕೆಲಸ ಇತ್ತು, ಇಬ್ಬರೂ ಜಿಲ್ಲಾ ಕೇಂದ್ರಕ್ಕೆ ಹೊರಟೆವು. ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಬ್ಯಾಗಿನಲ್ಲಿ ಗುರುತಿನ ಚೀಟಿ ಇತ್ತು. ತೋರಿಸಿ ನೋಡಬಹುದಿತ್ತು. ಬಸ್ಸು ತುಂಬಿತ್ತು. ಕಂಡಕ್ಟರ್ ಬಂದು ಅವಳ ಕಡೆ ನೋಡಿ "ಎಲ್ಲಿಗಮ್ಮ? ಆಧಾರ್ ತೋರ್ಸಮ್ಮ" ಅಂದರು. ಅವಳು ಒಂದು ಕ್ಷಣ ಬ್ಯಾಗಿನ ಮೇಲೆ ಕೈ ಇಟ್ಟುಕೊಂಡಳು. ಸುತ್ತ ನಿಂತವರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಟಿಕೆಟ್ ತಗೋತೀನಿ ಅಮ್ಮ" ಅಂದಳು. ನಾನು ಪರ್ಸ್ ಬಿಚ್ಚಿ 52 ರೂಪಾಯಿ ಎಣಿಸಿ ಅವಳ ಕೈಗೆ ಕೊಟ್ಟೆ.